ಎರಡನೇ ಅವಕಾಶವಿಲ್ಲದ ವ್ಯಾಜ್ಯ: ಆರ್ಬಿಟ್ರೇಷನ್‌ಗೆ ವಕೀಲರನ್ನು ಆರಿಸಿಕೊಳ್ಳುವ ಬಗೆ

(ದತ್ತಿ ಉಪನ್ಯಾಸದ ಪಠ್ಯ)



ಕಕ್ಷಿದಾರರು ವಕೀಲರ ಕಚೇರಿಗೆ ಬಂದು ಮೊದಲು ಕೇಳುವ ಪ್ರಶ್ನೆಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ: ಆರ್ಬಿಟ್ರೇಷನ್‌ಗೆ ಹೋಗಬೇಕಂತೆ, ಅದಕ್ಕೆ ಯಾರನ್ನು ಹಿಡಿಯಬೇಕು?

ಮೊದಲಿಗೆ ಒಂದು ಸ್ಪಷ್ಟನೆ. ಮೀಡಿಯೇಷನ್‌ನಲ್ಲಿ ನಡುವೆ ಕೂತವರು ಇಬ್ಬರನ್ನೂ ಮಾತನಾಡಿಸಿ ರಾಜಿಗೆ ತರುತ್ತಾರೆ. ಒಪ್ಪದವರು ಎದ್ದು ಬರಬಹುದು. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಿಂದ ನಡೆದಿರುವುದು ಈ ಕೆಲಸ. ಲೋಕ ಅದಾಲತ್ತಿನಲ್ಲೂ ರಾಜಿಯಾದರೆ ಮಾತ್ರ ತೀರ್ಮಾನ. ಆರ್ಬಿಟ್ರೇಷನ್ ಹಾಗಲ್ಲ. ಅಲ್ಲಿ ನಡುವೆ ಕೂತ ಆರ್ಬಿಟ್ರೇಟರ್ ವಾದ ಕೇಳಿ, ಸಾಕ್ಷ್ಯ ನೋಡಿ ತೀರ್ಪು ಕೊಡುತ್ತಾರೆ. ಅದಕ್ಕೆ ಅವಾರ್ಡ್ ಎನ್ನುತ್ತೇವೆ. 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯ 36ನೇ ಕಲಮಿನ ಪ್ರಕಾರ ಅದು ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಒಪ್ಪಿದರೂ ಒಪ್ಪದಿದ್ದರೂ ಅದು ನಿಮ್ಮ ಮನೆಬಾಗಿಲಿಗೆ ಬರುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟು. ಆರ್ಬಿಟ್ರೇಷನ್‌ನಲ್ಲಿ ಎರಡನೇ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಲ್ಲಿ ವಕೀಲರ ಆಯ್ಕೆಗೆ ಕೋರ್ಟಿಗಿಂತ ಹೆಚ್ಚಿನ ತೂಕವಿದೆ, ಮತ್ತು ಆ ಆಯ್ಕೆ ಜಗಳ ಹುಟ್ಟುವುದಕ್ಕೆ ಮೊದಲೇ ನಡೆಯಬೇಕು.

ಕಲ್ಯಾಣದಿಂದ 1996ರವರೆಗೆ

ಊರಿನ ಹಿರಿಯರು ಕೂತು ವ್ಯಾಜ್ಯ ಬಗೆಹರಿಸುವುದು ನಮಗೆ ಹೊಸದಲ್ಲ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಕೂತು ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಮಾಡುತ್ತ ಮೂರು ಬಗೆಯ ಸಭೆಗಳನ್ನು ವಿವರಿಸುತ್ತಾನೆ. ಬಂಧುಗಳದು ಕುಲ, ಒಂದೇ ಕಸುಬಿನವರದು ಶ್ರೇಣಿ, ಬೇರೆ ಬೇರೆ ಜಾತಿ ಮತ್ತು ಕಸುಬಿನ ಒಂದೇ ಊರಿನವರದು ಪೂಗ. ಕುಲದ ತೀರ್ಮಾನ ಒಪ್ಪಿಗೆಯಾಗದಿದ್ದರೆ ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಕೊನೆಗೆ ರಾಜನ ಸಭೆಗೆ ಹೋಗಬಹುದಿತ್ತು. ಆ ಪಂಚಾಯ್ತಿಗೆ ಮೇಲೆ ಹತ್ತಲು ಮೆಟ್ಟಿಲುಗಳಿದ್ದವು ಎಂಬುದನ್ನು ದಯವಿಟ್ಟು ನೆನಪಿಡಿ.

ಬ್ರಿಟಿಷರ ಕಾಲದಲ್ಲಿ 1772ರ ಬಂಗಾಳ ರೆಗ್ಯುಲೇಷನ್‌ನಿಂದ ಆರಂಭವಾಗಿ 1899ರ ಕಾಯ್ದೆ, ಮುಂದೆ 1940ರ ಕಾಯ್ದೆ ಬಂದವು. 1940ರ ಕಾಯ್ದೆಯಡಿ ಪ್ರತಿ ಹಂತದಲ್ಲೂ ಕೋರ್ಟಿಗೆ ಓಡುವುದೇ ಆಗಿತ್ತು. 1981ರಲ್ಲಿ ಗುರುನಾನಕ್ ಫೌಂಡೇಷನ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಈ ಸ್ಥಿತಿಯ ಬಗ್ಗೆ ಕಟುವಾಗಿಯೇ ಬರೆದರು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1985ರಲ್ಲಿ ರೂಪಿಸಿದ ಮಾದರಿಯನ್ನು ಆಧರಿಸಿ 1996ರ ಕಾಯ್ದೆ ಬಂದಾಗ ಕೋರ್ಟಿನ ಕೈಯನ್ನು ಬೇಕೆಂದೇ ಕಟ್ಟಿಹಾಕಲಾಯಿತು. ವ್ಯಾಜ್ಯ ಬೇಗ ಮುಗಿಯಲಿ ಎಂಬುದು ಅದರ ಆಶಯ.

ಅದರ ಫಲ ಹೀಗಿದೆ. ಅವಾರ್ಡ್ ಇಷ್ಟವಾಗದಿದ್ದರೆ 34ನೇ ಕಲಮಿನಡಿ ಅದನ್ನು ರದ್ದುಪಡಿಸಲು ಕೇಳಬಹುದು, ಆದರೆ ಕಾರಣಗಳು ಬೆರಳೆಣಿಕೆಯಷ್ಟು. ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿ, ಕಾನೂನನ್ನು ತಪ್ಪಾಗಿ ಅನ್ವಯಿಸಿದ್ದಾರೆ ನೋಡಿ ಎಂಬಷ್ಟರಿಂದಲೇ ಅವಾರ್ಡ್ ಬೀಳುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ. 2025ರ ಏಪ್ರಿಲ್‌ನಲ್ಲಿ ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅವಾರ್ಡನ್ನು ತಿದ್ದುವ ಅಧಿಕಾರ ಕೋರ್ಟಿಗೆ ಇದೆ ಎಂದಿತು; ಆದರೆ ಅದೂ ಲೆಕ್ಕದ ತಪ್ಪು, ಬರವಣಿಗೆಯ ತಪ್ಪು, ಬೇರ್ಪಡಿಸಬಹುದಾದ ಭಾಗ, ಅವಾರ್ಡ್ ನಂತರದ ಬಡ್ಡಿಯಂಥ ಸೀಮಿತ ಸಂದರ್ಭಗಳಿಗೆ ಮಾತ್ರ. ಮಿತಾಕ್ಷರಾ ವಿವರಿಸಿದ ಮೆಟ್ಟಿಲುಗಳು ಈಗ ಇಲ್ಲ. ಆರ್ಬಿಟ್ರೇಟರ್ ಮುಂದೆ ಹಾಜರುಪಡಿಸದ ದಾಖಲೆ, ಕೇಳದೆ ಬಿಟ್ಟ ಪಾಟೀಸವಾಲು, ಎತ್ತದೆ ಬಿಟ್ಟ ಆಕ್ಷೇಪಣೆ, ಇವೆಲ್ಲ ಸಾಮಾನ್ಯವಾಗಿ ಅಲ್ಲಿಗೇ ಮುಗಿದಂತೆ.

ಯಾರಿಗೆ ಬರುತ್ತದೆ ಈ ವ್ಯಾಜ್ಯ?

ಇದು ದೊಡ್ಡ ಕಂಪನಿಗಳ ತಂಟೆ, ನಮಗೇಕೆ ಎಂದು ಅನೇಕರು ಭಾವಿಸುತ್ತಾರೆ. ಮೂರು ಉದಾಹರಣೆ ಕೊಡುತ್ತೇನೆ.

ಪೀಣ್ಯದ ಸಣ್ಣ ಮಷಿನ್ ಶಾಪ್ ಒಂದಕ್ಕೆ ಹೊರರಾಜ್ಯದ ದೊಡ್ಡ ಕಾರ್ಖಾನೆಯಿಂದ ಪರ್ಚೇಸ್ ಆರ್ಡರ್ ಬರುತ್ತದೆ ಎನ್ನಿ. ಮುಂಭಾಗದಲ್ಲಿ ಬಿಡಿಭಾಗದ ನಂಬರು, ದರ, ಡೆಲಿವರಿ ದಿನಾಂಕ. ಹಿಂಭಾಗದಲ್ಲಿ ಸಣ್ಣ ಅಕ್ಷರದ ಷರತ್ತುಗಳು. ಅದರಲ್ಲಿ ಒಂದು: ವಿವಾದ ಬಂದರೆ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ನೇಮಿಸುವ ಆರ್ಬಿಟ್ರೇಟರ್, ಸೀಟ್ (ಅಂದರೆ ಆರ್ಬಿಟ್ರೇಷನ್‌ನ ಕಾನೂನಿನ ನೆಲೆ) ದೆಹಲಿ. ಮಾಲೀಕರು ದರ ನೋಡಿ ರುಜು ಹಾಕುತ್ತಾರೆ. ಮುಂದೆ ಬಿಲ್ ನಿಂತಾಗ ಆ ಒಂದು ಸಾಲು ಏನು ಮಾಡುತ್ತದೆ ಗೊತ್ತೇ? ಸೀಟ್ ದೆಹಲಿ ಎಂದಿದ್ದರೆ ಆರ್ಬಿಟ್ರೇಷನ್‌ಗೆ ಸಂಬಂಧಿಸಿದ ಕೋರ್ಟ್ ಕೆಲಸವೆಲ್ಲ ದೆಹಲಿಗೇ ಹೋಗುತ್ತದೆ ಎಂದು 2017ರ ಇಂಡಸ್ ಮೊಬೈಲ್ ತೀರ್ಪು ಹೇಳಿದೆ. ಸರಕು ಪೀಣ್ಯದಲ್ಲೇ ತಯಾರಾಗಿ ಪೀಣ್ಯದಿಂದಲೇ ಹೋಗಿದ್ದರೂ ಅಷ್ಟೆ.

ಎರಡನೆಯದು ವಾಹನ ಸಾಲ. ಕಂತು ಕಟ್ಟಲಾಗದ ಲಾರಿ ಮಾಲೀಕರಿಗೆ ಬೇರೆ ಊರಿನಿಂದ, ಸಾಲ ಕೊಟ್ಟವರೇ ನೇಮಿಸಿದ ಆರ್ಬಿಟ್ರೇಟರ್ ಹೆಸರಿನಲ್ಲಿ ನೋಟಿಸ್ ಬರುತ್ತದೆ. ಕೋರ್ಟಿನ ಸಮನ್ಸ್ ಅಲ್ಲವಲ್ಲ ಎಂದು ಅದನ್ನು ಕಪಾಟಿನಲ್ಲಿ ಇಡುತ್ತಾರೆ. 25ನೇ ಕಲಮಿನ ಪ್ರಕಾರ ಎದುರಾಳಿ ಬರದಿದ್ದರೂ ಆರ್ಬಿಟ್ರೇಟರ್ ವಿಚಾರಣೆ ಮುಗಿಸಿ ಅವಾರ್ಡ್ ಕೊಡಬಹುದು. ಆ ನೋಟಿಸಿಗೆ ಉತ್ತರ ಬರೆದಿದ್ದರೆ ಅವರ ಕೈಯಲ್ಲಿ ಬಲವಾದ ಆಕ್ಷೇಪಣೆ ಇತ್ತು. ತೀರ್ಪಿನಲ್ಲಿ ಹಿತಾಸಕ್ತಿ ಇರುವವರು ಏಕೈಕ ಆರ್ಬಿಟ್ರೇಟರನ್ನು ತಾವೊಬ್ಬರೇ ನೇಮಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೇಮಕದ ಹಂತದಿಂದಲೇ ಎರಡೂ ಕಡೆಯವರಿಗೆ ಸಮಾನತೆ ಇರಬೇಕೆಂದು 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಹೇಳಿತು.

ಮೂರನೆಯವರು ರೈತರು. ಯಾವ ಕರಾರಿಗೂ ರುಜು ಹಾಕದ ಇವರಿಗೂ ಆರ್ಬಿಟ್ರೇಷನ್ ತಪ್ಪಿದ್ದಲ್ಲ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋದಾಗ ಪರಿಹಾರ ಕಡಿಮೆಯಾಯಿತು ಎನಿಸಿದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ(5) ಪ್ರಕಾರ ಹೋಗಬೇಕಾದದ್ದು ಕೇಂದ್ರ ಸರ್ಕಾರ ನೇಮಿಸಿದ ಆರ್ಬಿಟ್ರೇಟರ್ ಬಳಿಗೆ. ನಮ್ಮಲ್ಲಿ ಈ ಹೊಣೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳದು. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡುವುದೆಂದರೆ ಮನವಿಪತ್ರ ಕೊಟ್ಟಂತೆ ಎಂದು ತಿಳಿದು ಒಂದು ಹಾಳೆ ಬರೆದುಕೊಟ್ಟು ಬರುವವರಿದ್ದಾರೆ. ಅಲ್ಲಿ ಬೇಕಾಗಿರುವುದು ಸಾಕ್ಷ್ಯ: ಅಕ್ಕಪಕ್ಕದ ಜಮೀನಿನ ನೋಂದಾಯಿತ ಕ್ರಯಪತ್ರಗಳು, ಭೂಪರಿವರ್ತನೆ ಆದೇಶ, ತೆಂಗು ಅಡಿಕೆ ಮಾವಿಗೆ ತೋಟಗಾರಿಕೆ ಇಲಾಖೆಯ ಮೌಲ್ಯಮಾಪನ, ಕೊಳವೆಬಾವಿಯ ದಾಖಲೆ, ಪಹಣಿಯಲ್ಲಿನ ಬೆಳೆ ನಮೂದು. ಇವನ್ನು ಅಲ್ಲಿ ಕೊಡದಿದ್ದರೆ 34ನೇ ಕಲಮಿನ ಅರ್ಜಿಯಲ್ಲಿ ಕೋರ್ಟ್ ನೋಡುವುದು ಆರ್ಬಿಟ್ರೇಟರ್ ಮುಂದಿದ್ದ ಕಡತವನ್ನೇ. ಅಂಥ ಅರ್ಜಿಯಲ್ಲಿ ಕೋರ್ಟ್ ತಾನೇ ಪರಿಹಾರದ ಮೊತ್ತ ಹೆಚ್ಚಿಸುವಂತಿಲ್ಲ ಎಂದು 2021ರ ಹಕೀಂ ಪ್ರಕರಣದಲ್ಲಿ ತೀರ್ಮಾನವಾಗಿತ್ತು; ಆಗಲೇ ಹೇಳಿದ 2025ರ ತೀರ್ಪು ಕೊಟ್ಟಿರುವ ವಿನಾಯಿತಿಯೂ ಸೀಮಿತ. ರೈತರಿಗೆ ಇದೇ ಮೊದಲ ಮತ್ತು ಕೊನೆಯ ಅವಕಾಶ ಎಂದರೂ ತಪ್ಪಿಲ್ಲ.

ರುಜುವಿಗೆ ಮುನ್ನ

ವಕೀಲರ ಆಯ್ಕೆ ಜಗಳಕ್ಕೆ ಮೊದಲೇ ನಡೆಯಬೇಕು ಎಂದೆ; ಅಂದರೆ ಕರಾರಿಗೆ ರುಜು ಹಾಕುವ ಮುನ್ನವೇ. ಅದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಕರ್ನಾಟಕದ ಸರ್ಕಾರಿ ಇಲಾಖೆ ಮತ್ತು ನಿಗಮಗಳ ಕಾಮಗಾರಿ ಕರಾರುಗಳಲ್ಲಿ 29ನೇ ಷರತ್ತು ಎಂದೊಂದು ಇತ್ತು. ಕಾಮಗಾರಿಯ ವಿವಾದವನ್ನು ಅಧೀಕ್ಷಕ ಅಥವಾ ಮುಖ್ಯ ಎಂಜಿನಿಯರ್ ತೀರ್ಮಾನಿಸುತ್ತಾರೆ, ಅವರ ಮಾತೇ ಅಂತಿಮ ಎಂಬ ಅರ್ಥದ ಷರತ್ತು ಅದು. ಗುತ್ತಿಗೆದಾರರು ಅದನ್ನು ಆರ್ಬಿಟ್ರೇಷನ್ ಒಪ್ಪಂದ ಎಂದು ನಂಬಿ ವರ್ಷಗಟ್ಟಲೆ ಹೋರಾಡಿದರು. 2013ರಲ್ಲಿ ಪಿ. ದಶರಥರಾಮ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಇದು ಇಲಾಖೆಯೊಳಗಿನ ವ್ಯವಸ್ಥೆ, ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ. ಟೆಂಡರ್ ಹಾಕುವ ಮುನ್ನ ಬಲ್ಲ ವಕೀಲರೊಬ್ಬರು ಆ ಷರತ್ತನ್ನು ಓದಿದ್ದರೆ ದಾರಿ ಯಾವುದೆಂದು ಆಗಲೇ ತಿಳಿಯುತ್ತಿತ್ತು.

ಪಾಲುದಾರಿಕೆ ಪತ್ರಗಳ ಗತಿಯೂ ಇದೇ. 2007ರ ಜಗದೀಶ್ ಚಂದರ್ ಪ್ರಕರಣದ ಪತ್ರದಲ್ಲಿ, ವಿವಾದವನ್ನು ಪಾಲುದಾರರು ಪರಸ್ಪರ ಬಗೆಹರಿಸಿಕೊಳ್ಳಬೇಕು ಅಥವಾ ಅವರು ನಿಶ್ಚಯಿಸಿದರೆ ಆರ್ಬಿಟ್ರೇಷನ್‌ಗೆ ಒಪ್ಪಿಸಬೇಕು ಎಂಬರ್ಥದ ಸಾಲಿತ್ತು. ಮುಂದೊಮ್ಮೆ ನಿಶ್ಚಯಿಸಿದರೆ ಎಂದಿರುವುದರಿಂದ ಈಗ ಒಪ್ಪಂದವೇ ಆಗಿಲ್ಲ ಎಂದಿತು ಕೋರ್ಟ್. ಟೈಪ್ ಮಾಡಿಟ್ಟ ಹಳೆಯ ಪತ್ರದಲ್ಲಿ ಹೆಸರು ಬದಲಾಯಿಸಿ ರುಜು ಹಾಕಿಸುವ ನಮ್ಮ ಅಭ್ಯಾಸ ಅಣ್ಣತಮ್ಮಂದಿರನ್ನು ಎಷ್ಟು ವರ್ಷ ಕೋರ್ಟಿಗೆ ಅಲೆಸಬಹುದು ಎಂದು ಯೋಚಿಸಿ.

ಎಲ್ಲಿ ಹುಡುಕುವುದು, ಏನು ಕೇಳುವುದು

ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಸೆಳೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಗೆದ್ದರೆ ಇಷ್ಟು ಪಾಲು ಎಂದು ಫೀಜು ಗೊತ್ತುಮಾಡಿಕೊಳ್ಳುವುದೂ ನಿಷಿದ್ಧ. ಪೋಸ್ಟರ್ ಹಚ್ಚಿದವರನ್ನು, ಬಂದ ಹಣದಲ್ಲಿ ಶೇಕಡಾ ಇಷ್ಟು ಕೊಟ್ಟರೆ ಸಾಕು ಎನ್ನುವವರನ್ನು, ನಡುವೆ ನಿಂತು ಕೈ ಹಿಡಿದು ಕರೆದೊಯ್ಯುವ ದಲ್ಲಾಳಿಗಳನ್ನು ಅಲ್ಲೇ ಬಿಟ್ಟುಬಿಡಿ. ಹೆದ್ದಾರಿ ಪರಿಹಾರದ ಹಳ್ಳಿಗಳಲ್ಲಿ ಈ ಎಚ್ಚರ ಹೆಚ್ಚು ಬೇಕು.

ಹೆಸರುಗಳು ಸಿಗುವ ಜಾಗ ಬೇರೆಯೇ ಇದೆ. ನಿಮ್ಮದೇ ಕಸುಬಿನಲ್ಲಿ ಇಂಥ ವ್ಯಾಜ್ಯ ಮುಗಿಸಿಕೊಂಡವರನ್ನು ಕೇಳಿ. ಕಾಸಿಯಾ, ಎಫ್‌ಕೆಸಿಸಿಐನಂಥ ಉದ್ದಿಮೆದಾರರ ಸಂಸ್ಥೆಗಳಲ್ಲಿ, ಗುತ್ತಿಗೆದಾರರ ಸಂಘಗಳಲ್ಲಿ, ಜಿಲ್ಲಾ ವಕೀಲರ ಸಂಘದಲ್ಲಿ, ನಿಮ್ಮ ಲೆಕ್ಕಪರಿಶೋಧಕರ ಬಳಿ ವಿಚಾರಿಸಿ. ನಾಲ್ಕೈದು ಹೆಸರು ಸಿಕ್ಕ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದಲೇ ಪ್ರಕರಣಗಳನ್ನು ಹುಡುಕಬಹುದು. ಆರ್ಬಿಟ್ರೇಟರ್ ನೇಮಕ ಕೋರಿ ಹೈಕೋರ್ಟಿಗೆ ಹೋಗುವ ಅರ್ಜಿಗೆ ಸಿ.ಎಂ.ಪಿ. ಎನ್ನುತ್ತಾರೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಮಧ್ಯಂತರ ರಕ್ಷಣೆಯದು ಎ.ಎ., ಅವಾರ್ಡ್ ರದ್ದತಿಯದು ಎ.ಎಸ್. ಈ ಅಕ್ಷರಗಳು ಅವರ ಪ್ರಕರಣಗಳಲ್ಲಿ ಕಾಣುತ್ತವೆಯೇ ನೋಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ಪಡೆಯಬಹುದು. ನೋಟಿಸ್ ಬಂದ ದಿನವೇ ಅಲ್ಲಿಗೆ ಹೋಗಬಹುದು.

ವಕೀಲರ ಎದುರು ಕೂತಾಗ ಕೇಳಲು ಸಂಕೋಚ ಬೇಡ. ಕ್ಲೇಮ್ ಸ್ಟೇಟ್‌ಮೆಂಟ್‌ನಿಂದ ಅವಾರ್ಡ್‌ವರೆಗೆ ಒಂದು ಪ್ರಕರಣವನ್ನಾದರೂ ನೀವೇ ನಡೆಸಿದ್ದೀರಾ? ಪಾಟೀಸವಾಲು ನೀವೇ ಮಾಡುತ್ತೀರಾ, ಕಿರಿಯರನ್ನು ಕಳಿಸುತ್ತೀರಾ? ಅಳತೆ ಪುಸ್ತಕ, ರನ್ನಿಂಗ್ ಬಿಲ್, ಲೆಡ್ಜರ್ ಓದಿ ಅಭ್ಯಾಸವಿದೆಯೇ? ಆರ್ಬಿಟ್ರೇಷನ್‌ನಲ್ಲಿ ಭಾಷಣಕ್ಕಿಂತ ಕಾಗದ ಮಾತನಾಡುತ್ತದೆ. ಕಾಮಗಾರಿಯ ವಿವಾದದಲ್ಲಿ ಅಳತೆ ಪುಸ್ತಕದ ಒಂದು ನಮೂದು ಹತ್ತು ಪುಟದ ವಾದಕ್ಕಿಂತ ಮೇಲು. ನೀವು ಸೂಚಿಸುವ ಆರ್ಬಿಟ್ರೇಟರ್‌ಗೂ ನಿಮಗೂ, ಎದುರಾಳಿಗೂ ಸಂಬಂಧವಿದೆಯೇ ಎಂದೂ ಕೇಳಿ. ಮೂರು ವರ್ಷದಲ್ಲಿ ಒಂದೇ ಪಕ್ಷಗಾರರಿಂದ ಎರಡು ಅಥವಾ ಹೆಚ್ಚು ಸಲ ನೇಮಕವಾಗಿದ್ದರೆ ಅದು ಅನುಮಾನಕ್ಕೆ ಎಡೆಯೆಂದು ಕಾಯ್ದೆಯ ಐದನೇ ಅನುಸೂಚಿಯೇ ಹೇಳುತ್ತದೆ.

ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು: ನನ್ನ ಪ್ರಕರಣದಲ್ಲಿ ದುರ್ಬಲವಾದ ಅಂಶ ಯಾವುದು? ಗೆದ್ದೇ ಗೆಲ್ಲುತ್ತೇವೆ ಎನ್ನುವವರಿಗಿಂತ, ಇಲ್ಲಿ ನಿಮ್ಮ ಪತ್ರವ್ಯವಹಾರ ಹುಳುಕಾಗಿದೆ, ಇಷ್ಟಕ್ಕೆ ರಾಜಿಯಾದರೆ ಒಳ್ಳೆಯದು ಎನ್ನುವವರು ನಿಮಗೆ ಬೇಕಾದ ವಕೀಲರು.

ವಾಯಿದೆ ಮತ್ತು ಖರ್ಚು

ಈ ಕಾಯ್ದೆಯಲ್ಲಿ ದಿನಗಳ ಲೆಕ್ಕ ಬಲ್ಲವರೇ ಒಳ್ಳೆಯ ವಕೀಲರು. ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೂ ಎದುರಾಳಿ ಸಿವಿಲ್ ದಾವೆ ಹೂಡಿದರೆ, ನಿಮ್ಮ ಮೊದಲ ಲಿಖಿತ ಹೇಳಿಕೆ ಸಲ್ಲಿಸುವುದರೊಳಗೆ 8ನೇ ಕಲಮಿನಡಿ ಅರ್ಜಿ ಹಾಕಬೇಕು. ಮೊದಲು ಹೇಳಿಕೆ ಕೊಟ್ಟು ಆಮೇಲೆ ಎಚ್ಚೆತ್ತರೆ ಪ್ರಯೋಜನವಿಲ್ಲ. ಆರ್ಬಿಟ್ರೇಷನ್ ಬೇಕೆಂಬ ನಿಮ್ಮ ನೋಟಿಸ್ ಎದುರಾಳಿಗೆ ಮುಟ್ಟಿದ ದಿನವೇ ನಡವಳಿ ಆರಂಭವಾದ ದಿನ. ಆದ್ದರಿಂದ ಬಾಕಿಯ ವಾಯಿದೆ ಮುಗಿಯುವುದರೊಳಗೆ ಅದು ಮುಟ್ಟಿರಬೇಕು. ಕೋರ್ಟಿನಿಂದ ಮೊದಲೇ ತಡೆಯಾಜ್ಞೆ ಪಡೆದಿದ್ದರೆ 90 ದಿನದೊಳಗೆ ಆರ್ಬಿಟ್ರೇಷನ್ ಆರಂಭಿಸಬೇಕು.

ಅವಾರ್ಡ್ ರದ್ದುಪಡಿಸಲು ಮೂರು ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ. ಅಲ್ಲಿಗೆ ಮುಗಿಯಿತು. ಒಂದು ದಿನ ದಾಟಿದರೂ ಕೋರ್ಟಿಗೆ ಕ್ಷಮಿಸುವ ಅಧಿಕಾರವಿಲ್ಲ ಎಂದು 2001ರ ಪಾಪ್ಯುಲರ್ ಕನ್‌ಸ್ಟ್ರಕ್ಷನ್ ತೀರ್ಪಿನಿಂದಲೇ ಸ್ಥಿರವಾಗಿದೆ. ಲೆಕ್ಕ ಆರಂಭವಾಗುವುದು ಅವಾರ್ಡಿನ ರುಜು ಇರುವ ಪ್ರತಿಯು ಪಕ್ಷಗಾರರ ಕೈಸೇರಿದ ದಿನದಿಂದ. ವಕೀಲರಿಗೆ ಕೊಟ್ಟರೆ ಸಾಲದು ಎಂದು 2012ರಲ್ಲಿ ಬನಾರ್ಸಿ ಕೃಷ್ಣ ಕಮಿಟಿ ಪ್ರಕರಣದಲ್ಲಿ ಹೇಳಲಾಗಿದೆ. ಹಾಗಾಗಿ ಅವಾರ್ಡ್ ಬಂದ ಲಕೋಟೆಯನ್ನೂ ಜೋಪಾನ ಮಾಡಿ.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಕೋರ್ಟಿನಲ್ಲಿ ನ್ಯಾಯಾಧೀಶರಿಗೆ ನಾವು ಸಂಬಳ ಕೊಡುವುದಿಲ್ಲ. ಇಲ್ಲಿ ಆರ್ಬಿಟ್ರೇಟರ್ ಫೀಜು ಪಕ್ಷಗಾರರದೇ. ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಂತೆ 50 ಲಕ್ಷ ರೂಪಾಯಿ ವಿವಾದಕ್ಕೆ ಒಬ್ಬ ಆರ್ಬಿಟ್ರೇಟರ್ ಫೀಜು 1,87,500 ರೂಪಾಯಿ. ಏಕೈಕ ಆರ್ಬಿಟ್ರೇಟರ್ ಆದರೆ ಶೇ 25 ಹೆಚ್ಚು, ಅಂದರೆ 2,34,375. ಮೂವರಾದರೆ 5,62,500. ಕರಾರಿನಲ್ಲಿ ಮೂವರು ಎಂದು ಬರೆಯುವ ಮುನ್ನ ಈ ಲೆಕ್ಕ ಹಾಕಿ. ಈ ದರ ಎಲ್ಲೆಡೆ ಕಡ್ಡಾಯವಲ್ಲ, ಆದರೆ ಪಕ್ಷಗಾರರ ಒಪ್ಪಿಗೆಯಿಲ್ಲದೆ ಆರ್ಬಿಟ್ರೇಟರ್ ತಾವೇ ಫೀಜು ಗೊತ್ತುಮಾಡುವಂತಿಲ್ಲ ಎಂದು 2022ರಲ್ಲಿ ಒಎನ್‌ಜಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದುರಾಳಿ ತನ್ನ ಪಾಲು ಕಟ್ಟದಿದ್ದರೆ ವಿಚಾರಣೆ ಮುಂದೆ ಸಾಗಲು ಅದನ್ನೂ ನೀವೇ ಕಟ್ಟಬೇಕಾಗಬಹುದು. ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರಿನಲ್ಲಿರುವ ಆರ್ಬಿಟ್ರೇಷನ್ ಕೇಂದ್ರಕ್ಕೆ ತನ್ನದೇ ನಿಯಮಗಳಿವೆ. ಕರಾರಿನಲ್ಲಿ ಅದರ ಹೆಸರು ಬರೆದುಕೊಂಡರೆ ಜಾಗ, ಕಡತ, ಫೀಜು ಎಲ್ಲಕ್ಕೂ ಒಂದು ಶಿಸ್ತು ಬರುತ್ತದೆ. ವಕೀಲರ ಫೀಜನ್ನೂ, ಪ್ರತಿ ಹಿಯರಿಂಗ್‌ಗೋ ಇಡೀ ಪ್ರಕರಣಕ್ಕೋ ಎಂಬುದನ್ನೂ, ಬರವಣಿಗೆಯಲ್ಲಿ ಪಡೆಯಿರಿ.

ಎಲ್ಲ ವ್ಯಾಜ್ಯಕ್ಕೂ ಇದು ದಾರಿಯಲ್ಲ ಎಂದು ಹೇಳುವುದೂ ವಕೀಲರ ಧರ್ಮ. ವಿವಾಹ ವಿಚ್ಛೇದನ, ಕ್ರಿಮಿನಲ್ ಆರೋಪ, ಉಯಿಲಿನ ಪ್ರೊಬೇಟ್, ಬಾಡಿಗೆ ಕಾಯ್ದೆಯ ರಕ್ಷಣೆಯಿರುವ ಬಾಡಿಗೆದಾರಿಕೆ, ಇವು ಆರ್ಬಿಟ್ರೇಷನ್‌ಗೆ ಬರುವುದಿಲ್ಲ. ಫ್ಲ್ಯಾಟ್ ಕೊಂಡು ಮೋಸಹೋದ ಗ್ರಾಹಕರು ಕರಾರಿನಲ್ಲಿ ಏನೇ ಇದ್ದರೂ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಸಣ್ಣ ಉದ್ದಿಮೆದಾರರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಫೆಸಿಲಿಟೇಷನ್ ಕೌನ್ಸಿಲ್ ಇದೆ. ಪೀಣ್ಯದ ನಮ್ಮ ಮಾಲೀಕರು ಸರಕು ಕೊಡುವ ಮೊದಲೇ ನೋಂದಣಿ ಮಾಡಿಸಿದ್ದರೆ, ದೆಹಲಿ ಎಂದು ಬರೆದ ಷರತ್ತಿದ್ದರೂ ಇಲ್ಲಿನ ಕೌನ್ಸಿಲ್‌ಗೆ ಅರ್ಜಿ ಕೊಡಬಹುದು. ತಡವಾದ ಬಾಕಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಿಗುತ್ತದೆ; ಅವಾರ್ಡ್ ಪ್ರಶ್ನಿಸುವ ಖರೀದಿದಾರರು ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. ಈ ದಾರಿ ತೋರಿಸದೆ ದೆಹಲಿಗೆ ಟಿಕೆಟ್ ಮಾಡಿಸುವ ವಕೀಲರು ನಿಮಗೆ ನ್ಯಾಯ ಮಾಡಿದಂತಾಗುವುದಿಲ್ಲ.

ಒಂದು ಕೋರಿಕೆ

ಕಾಯ್ದೆಯ 22ನೇ ಕಲಮಿನ ಪ್ರಕಾರ ಆರ್ಬಿಟ್ರೇಷನ್ ಯಾವ ಭಾಷೆಯಲ್ಲಿ ನಡೆಯಬೇಕು ಎಂದು ಪಕ್ಷಗಾರರೇ ಗೊತ್ತುಮಾಡಿಕೊಳ್ಳಬಹುದು. ಹುಬ್ಬಳ್ಳಿಯ ಇಬ್ಬರು ವರ್ತಕರ ನಡುವಿನ ವ್ಯಾಜ್ಯ ಇಂಗ್ಲಿಷಿನಲ್ಲೇ ನಡೆಯಬೇಕೆಂದು ಯಾರೂ ಹೇಳಿಲ್ಲ. ಸಾಕ್ಷಿ ಹೇಳುವ ಗುಮಾಸ್ತರಿಗೆ, ಮೇಸ್ತ್ರಿಗೆ, ರೈತರಿಗೆ ತಮ್ಮ ಮಾತು ತಮ್ಮ ನುಡಿಯಲ್ಲೇ ದಾಖಲಾಗುವುದು ಸಣ್ಣ ಸಂಗತಿಯಲ್ಲ. ಎರಡನೇ ಅವಕಾಶವಿಲ್ಲದ ಕಡೆ ಅದು ಗೆಲುವು ಸೋಲಿನ ಸಂಗತಿ. ಕಿರಿಯ ವಕೀಲ ಮಿತ್ರರು ಕನ್ನಡದಲ್ಲಿ ಕ್ಲೇಮ್ ಬರೆಯುವ, ಕನ್ನಡದಲ್ಲಿ ಪಾಟೀಸವಾಲು ಮಾಡುವ ತಯಾರಿ ಮಾಡಿಕೊಳ್ಳಬೇಕು. ನಿವೃತ್ತ ನ್ಯಾಯಾಧೀಶರು, ಎಂಜಿನಿಯರುಗಳು ಕನ್ನಡದಲ್ಲಿ ಅವಾರ್ಡ್ ಬರೆಯಲು ಮುಂದೆ ಬರಬೇಕು.

ಸಭಿಕರಲ್ಲಿ ನನ್ನ ಕೋರಿಕೆ ಇದು. ನಾಳೆ ನಿಮ್ಮ ಮುಂದೆ ಪಾಲುದಾರಿಕೆ ಪತ್ರವೋ ಸಾಲದ ಕರಾರೋ ಪರ್ಚೇಸ್ ಆರ್ಡರೋ ಬಂದಾಗ ದರದ ಸಾಲು ಓದಿದ ಮೇಲೆ ಇನ್ನು ಮೂರನ್ನು ಹುಡುಕಿ ಓದಿ: ಆರ್ಬಿಟ್ರೇಟರನ್ನು ಯಾರು ನೇಮಿಸುತ್ತಾರೆ, ಸೀಟ್ ಯಾವ ಊರು, ಭಾಷೆ ಯಾವುದು. ಆಮೇಲೆ ಬಲ್ಲ ವಕೀಲರಿಗೆ ತೋರಿಸಿ, ಅನಂತರ ರುಜು ಹಾಕಿ. ಆ ಒಂದು ಭೇಟಿಯ ಫೀಜು, ಮುಂದೆ ಕಟ್ಟಬೇಕಾಗಿ ಬರುವ ಯಾವ ಫೀಜಿಗಿಂತಲೂ ಕಡಿಮೆ.